ಮೆಟ್‌ನರನನ್ನು ಕೇಳಿದವರು ಕೈಯೆತ್ತಿ

ಕಳೆದ ತಿಂಗಳ ಎರಡನೆಯ ಭಾನುವಾರ ಸಂಜೆ, ಚಿಕ್ಕಲಸಂದ್ರದ ನಮ್ಮ ಮನೆಯ ಮಹಡಿಯ ಮೇಲೆ, ಹನ್ನೊಂದು ಮಂದಿ ಸಂಗೀತಪ್ರಿಯರ ಸಮಕ್ಷಮದಲ್ಲಿ ನಾನೊಂದು ಅಪರಾಧ ಮಾಡಿದೆ. ಅವರನ್ನು ಕೂರಿಸಿ, ಅರ್ಧ ಗಂಟೆಗೂ ಮೇಲ್ಪಟ್ಟು, ನಡುವೆ ಕಾಫಿಯನ್ನೂ ಕೊಡದೆ, ಒಂದೇ ಒಂದು ಪಿಯಾನೋ ಸೊನಾಟವನ್ನು ಕೇಳಿಸಿದೆ.

ನಮ್ಮದು ಹೆಸರಿಲ್ಲದ, ಅಧ್ಯಕ್ಷರಿಲ್ಲದ, ಬಹುಶಃ ಅದರಿಂದಲೇ ಜಗಳವೂ ಇಲ್ಲದ ಒಂದು ಕೂಟ. ಪದ್ಮನಾಭನಗರ, ಉತ್ತರಹಳ್ಳಿ, ಬನಶಂಕರಿ ಕಡೆಯ ಕೆಲವರು ತಿಂಗಳಿಗೊಮ್ಮೆ ಸೇರುತ್ತೇವೆ. ಸರದಿಯ ಮೇಲೆ ಒಬ್ಬೊಬ್ಬರು ತಮಗೆ ಪ್ರಿಯವಾದ ಧ್ವನಿಮುದ್ರಣಗಳನ್ನು ಒಂದು ಗಂಟೆ ಹಾಕುತ್ತಾರೆ, ಮಿಕ್ಕವರು ಕೇಳುತ್ತಾರೆ. ಚೌಡಯ್ಯನವರ ಪಿಟೀಲು, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ಆಗೊಮ್ಮೆ ಈಗೊಮ್ಮೆ ಹಳೆಯ ಚಿತ್ರಗೀತೆ, ಎಲ್ಲವೂ ಆಗಿವೆ. ನನ್ನ ಸರದಿ ಬಂದಾಗ ನಾನು ಆರಿಸಿಕೊಂಡದ್ದು ನಿಕೊಲಾಯ್ ಮೆಟ್‌ನರ್ ಎಂಬ ರಷ್ಯನ್ನನ ‘ರಾತ್ರಿಗಾಳಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಸೊನಾಟ. ಪ್ರಸಿದ್ಧ ಎಂದೆನಲ್ಲ, ಅದು ತಪ್ಪು. ಬಲ್ಲವರಲ್ಲಿ ಪ್ರಸಿದ್ಧ.

ಎಂಟನೆಯ ನಿಮಿಷಕ್ಕೆ ಮೊದಲ ಮೊಬೈಲು ಜೇಬಿನಿಂದ ಹೊರಬಂತು. ಹದಿನೈದನೆಯ ನಿಮಿಷಕ್ಕೆ ಒಬ್ಬರು ಕಣ್ಣು ಮುಚ್ಚಿದರು. ತನ್ಮಯತೆಯೆಂದು ನಾನು ಸಂತೋಷಪಟ್ಟೆ, ಗೊರಕೆ ಅದನ್ನು ಅಲ್ಲಗಳೆಯಿತು. ಮುಗಿದ ಮೇಲೆ ಒಂದು ಗಳಿಗೆ ಮೌನ. ಆಮೇಲೆ ನಮ್ಮಲ್ಲಿ ಹಿರಿಯರಾದ, ಐವತ್ತು ವರ್ಷ ಬೆಂಗಳೂರಿನ ರಾಮೋತ್ಸವಗಳ ಕಚೇರಿಗಳನ್ನು ಕೇಳಿರುವ ರಾಯರು ಬಾಯಿ ತೆರೆದರು: “ಸಾರ್, ತಪ್ಪು ತಿಳೀಬೇಡಿ. ಪಿಯಾನೋ ರಿಪೇರಿ ಮಾಡೋನು ಬಂದು ಒಂದೊಂದೇ ಮನೆ ತಟ್ಟಿ ನೋಡ್ತಿದ್ದಾನೆ ಅನ್ನಿಸ್ತು.” ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು.

ನನ್ನನ್ನು ಈ ಲೇಖನಕ್ಕೆ ಹೊರಡಿಸಿದ್ದು ಆ ಮಾತಲ್ಲ. ಅದರ ಬೆನ್ನಿಗೇ ಬಂದ ಇನ್ನೊಂದು ಮಾತು. ಇನ್ನೊಬ್ಬ ಮಿತ್ರರು ಮೊಬೈಲಿನಲ್ಲಿ ಏನನ್ನೋ ಓದಿ, ಎದೆಯುಬ್ಬಿಸಿ, “ಅಲ್ರೀ, ಈತನಿಗೆ ನಮ್ಮ ಮೈಸೂರು ಮಹಾರಾಜರೇ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದ್ದಂತೆ! ಜಯಚಾಮರಾಜ ಒಡೆಯರು! ಎಂಥ ಹೆಮ್ಮೆ ನೋಡಿ ನಮಗೆ!” ಎಂದರು. ಕೂಡಲೆ ಹನ್ನೊಂದು ತಲೆಗಳು ಹೆಮ್ಮೆಯಿಂದ ಆಡಿದವು. ಐದು ನಿಮಿಷದ ಹಿಂದೆ ರಿಪೇರಿಯಾಗಿದ್ದ ಸಂಗೀತ ಈಗ ನಾಡಿನ ಕೀರ್ತಿಯಾಗಿತ್ತು. ಕೇಳಲು ಆಗದ್ದು ಹೇಳಿಕೊಳ್ಳಲು ಆಯಿತು. ನನ್ನ ಜಗಳ ಇದರೊಡನೆ.

ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಪಿಯಾನೋ ಅವರಿಗೆ ಅರಮನೆಯ ಅಲಂಕಾರವಾಗಿರಲಿಲ್ಲ. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದವರು, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದವರು. ವೇದಿಕೆಯ ಮೇಲೆ ಕೂತು ನುಡಿಸುವ ಕಲಾವಿದನಾಗಬೇಕೆಂಬ ಆಸೆ ಅವರಿಗಿತ್ತು. 1940ರಲ್ಲಿ, ಒಂದೇ ವರ್ಷದೊಳಗೆ, ತಂದೆ ಯುವರಾಜರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದು ವರ್ಷದ ಹುಡುಗ ಸಿಂಹಾಸನ ಏರಿದ. ಪಿಯಾನೋ ಕಲಾವಿದ ಅಲ್ಲಿಗೆ ಮುಗಿದ.

ಇತ್ತ ಮೆಟ್‌ನರ್. (ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಡಕಾರ ನುಸುಳಿ ಅವನು ಮೆಡ್ಟ್‌ನರ್ ಆಗಿದ್ದಾನೆ; ರಷ್ಯನ್ನರ ಬಾಯಲ್ಲಿ ಮೆಟ್‌ನರ್. ಹುಡುಕುವವರು ಎರಡನ್ನೂ ನೆನಪಿಡಬೇಕು.) 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ರಾಖ್ಮನಿನೋಫ್‌ಗಿಂತ ಏಳು ವರ್ಷಕ್ಕೆ ಚಿಕ್ಕವನು, ಅವನ ಆಪ್ತಮಿತ್ರ. 1921ರಲ್ಲಿ ರಷ್ಯವನ್ನು ಬಿಟ್ಟು, ಜರ್ಮನಿ, ಫ್ರಾನ್ಸುಗಳಲ್ಲಿ ಅಲೆದು, 1930ರ ದಶಕದ ನಡುವೆ ಲಂಡನ್ನಿಗೆ ಬಂದು ನೆಲೆಸಿದ. ಹೊಸಬರಿಗೆ ಅವನು ಹಳಬ, ಹಳಬರಿಗೆ ಅವನು ಜಟಿಲ. 1935ರಲ್ಲಿ ಅವನು ತನ್ನ ಕಾಲದ ಆಧುನಿಕ ಸಂಗೀತವನ್ನೆಲ್ಲ ಝಾಡಿಸಿ ಒಂದು ಪುಸ್ತಕ ಬರೆದ; ರಾಖ್ಮನಿನೋಫ್ ಅದನ್ನು ಪ್ರಕಟಿಸಿದ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಕಲಾದೇವಿ ಮತ್ತು ಕಾಲದ ಶೋಕಿ’ ಎಂದಾದೀತು. ಇಂಥ ಪುಸ್ತಕ ಬರೆದವನಿಗೆ ಗೆಳೆಯರು ಹೆಚ್ಚುವುದುಂಟೆ? ಯುದ್ಧ ಬಂತು, ಪಾಠಕ್ಕೆ ಬರುವವರು ಕಡಿಮೆಯಾದರು, 1942ರಲ್ಲಿ ಹೃದಯಾಘಾತವಾಯಿತು.

ಅವನು ಬಹುಮಟ್ಟಿಗೆ ಮರೆತುಹೋಗಿದ್ದಾಗ, ಯುದ್ಧ ಮುಗಿದ ಮರುವರ್ಷ, ಮೈಸೂರಿನಿಂದ ಕರೆ ಬಂತು. ಎಂದೂ ಮುಖ ನೋಡದ ಒಬ್ಬ ಅರಸ, ಮೆಟ್‌ನರನ ಕೃತಿಗಳನ್ನು ಮೆಟ್‌ನರನೇ ನುಡಿಸಿ ಧ್ವನಿಮುದ್ರಿಸಬೇಕು, ಖರ್ಚು ನನ್ನದು ಎಂದ. ಎಚ್.ಎಂ.ವಿ. ಕಂಪನಿಯ ಮೂಲಕ 1947ರಿಂದ ಆ ಕೆಲಸ ನಡೆಯಿತು. ಮೂರು ಕಂಚರ್ಟೋಗಳು ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ, ಜೊತೆಗೆ ಬಿಡಿ ಪಿಯಾನೋ ಕೃತಿಗಳು, ಹಾಡುಗಳು. ಹಾಡಿದವರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಕೂಡ ಒಬ್ಬರು. ‘ಮೆಟ್‌ನರ್ ಸೊಸೈಟಿ’ ಎಂಬ ಹೆಸರಿನಲ್ಲಿ ಆ ತಟ್ಟೆಗಳು ಸಂಪುಟಗಳಾಗಿ ಹೊರಬಂದವು. ಮೆಟ್‌ನರ್ ತನ್ನ ಮೂರನೆಯ ಕಂಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ. ಮೈಸೂರಿನ ಹಣವಿಲ್ಲದಿದ್ದರೆ ಅವನ ಕೈಬೆರಳುಗಳ ಸಾಕ್ಷ್ಯ ಇಷ್ಟು ಉಳಿಯುತ್ತಿರಲಿಲ್ಲ.

ಇಷ್ಟು ಕಥೆ. ಈ ಕಥೆಯನ್ನು ಈಗ ಬಹಳ ಜನ ಬಲ್ಲರು. ದಸರಾ ಬಂತೆಂದರೆ ಪತ್ರಿಕೆಗಳಲ್ಲೋ ಮೊಬೈಲಿನಲ್ಲೋ ಒಮ್ಮೆ ತಲೆಯೆತ್ತುತ್ತದೆ. ಜೊತೆಗೆ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳ ಕಥೆಯೂ ಬರುತ್ತದೆ: 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಅವುಗಳ ಮೊದಲ ಪ್ರಯೋಗ ನಡೆದದ್ದು ಇದೇ ಮಹಾರಾಜರ ಹಣದ ಭರವಸೆಯ ಮೇಲೆ. ಎಲ್ಲವೂ ನಿಜ. ಆದರೆ ಹೀಗೆ ಹೇಳಿ ಹೆಮ್ಮೆಪಡುವವರನ್ನು ನಾನು ಎರಡು ವರ್ಷಗಳಿಂದ ಒಂದು ಪ್ರಶ್ನೆ ಕೇಳುತ್ತ ಬಂದಿದ್ದೇನೆ: “ಸ್ವಾಮಿ, ಮೆಟ್‌ನರನದು ಯಾವುದನ್ನು ಕೇಳಿದ್ದೀರಿ?” ಇದುವರೆಗೆ ಒಬ್ಬರು ಮಾತ್ರ ಒಂದು ಕೃತಿಯ ಹೆಸರು ಹೇಳಿದರು. ಅದು ರಾಖ್ಮನಿನೋಫನದು.

ನಾನೇನು ಮೇಲಿನವನಲ್ಲ. ಇಲ್ಲಿ ಒಂದು ತಪ್ಪೊಪ್ಪಿಗೆ ಸಲ್ಲುತ್ತದೆ. ಬಹಳ ವರ್ಷಗಳ ಹಿಂದೆ, ನಾನು ನೌಕರಿಯಲ್ಲಿದ್ದಾಗ, ನನ್ನ ಮೇಲಧಿಕಾರಿಯಾಗಿದ್ದ ಹಿರಿಯರೊಬ್ಬರು ತಮ್ಮ ಕೈಯಾರೆ ತುಂಬಿಸಿದ ಒಂದು ಕ್ಯಾಸೆಟ್ಟನ್ನು ನನಗೆ ಕೊಟ್ಟು, “ಕೇಳಯ್ಯ, ಆಮೇಲೆ ಮಾತಾಡೋಣ” ಎಂದಿದ್ದರು. ಮೇಲೆ ಪೆನ್ಸಿಲಿನಲ್ಲಿ ಮೆಟ್‌ನರ್ ಎಂದು ಬರೆದಿತ್ತು. ನಾನು ಎರಡು ನಿಮಿಷ ಕೇಳಿ ಬೀರುವಿನಲ್ಲಿಟ್ಟೆ. ಆರು ತಿಂಗಳಾದ ಮೇಲೆ ಹಿಂದಿರುಗಿಸುವಾಗ “ತುಂಬ ಚೆನ್ನಾಗಿತ್ತು ಸಾರ್” ಎಂದೆ. “ಯಾವುದು ಹಿಡಿಸಿತು?” ಎಂದರು. “ಎಲ್ಲವೂ” ಎಂದೆ. ಅವರು ನನ್ನ ಮುಖವನ್ನು ಒಂದು ಸಲ ನೋಡಿ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡರು. ಮತ್ತೆ ನನಗೆ ಏನನ್ನೂ ಕೊಡಲಿಲ್ಲ. ನಾನು ಆ ಸಂಗೀತವನ್ನು ನಿಜವಾಗಿ ಕೇಳಿದಾಗ, ಕೇಳಿದೆನೆಂದು ಹೇಳಿಕೊಳ್ಳಲು ಅವರಿರಲಿಲ್ಲ. ಸುಳ್ಳು ಮೆಚ್ಚುಗೆಯ ರುಚಿ ನನಗೆ ಗೊತ್ತು. ಅದಕ್ಕೇ ಅದನ್ನು ಇತರರಲ್ಲಿ ಕಂಡರೆ ಸಿಟ್ಟು ಬರುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಕೂಟದಲ್ಲಿ ಆ ಸಂಜೆ ಅವು ಧಾರಾಳವಾಗಿ ಸುರಿದವು.

ಇದು ಪರಕೀಯ ಎಂದರು. ಈ ಆಕ್ಷೇಪಕ್ಕೆ ಹೆಚ್ಚು ಹೊತ್ತು ಕೊಡಲಾರೆ. ಪಿಟೀಲು ಯಾವ ಪುರಾಣದಲ್ಲಿದೆ? ಅದು ಹಡಗಿನಲ್ಲಿ ಬಂದು ನಮ್ಮ ತೊಡೆಯ ಮೇಲೆ ಕೂತು ಇನ್ನೂರು ವರ್ಷ ಆಯಿತು. ಈಗ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿಕೊಂಡಿದ್ದೇವೆ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನನ್ನು ಮದುವೆಮನೆಯಲ್ಲಿ ಕೇಳಿ ತಲೆದೂಗಿದವರು ಪಿಯಾನೋವಿನ ಮುಂದೆ ಮಾತ್ರ ಸ್ವದೇಶಿಗಳಾಗುವುದು ನನಗೆ ಅರ್ಥವಾಗುವುದಿಲ್ಲ. ಪಿಯಾನೋದಲ್ಲಿ ಗಮಕ ನುಡಿಯದು ಎಂಬುದು ನಿಜ. ಮೆಟ್‌ನರ್ ಗಮಕ ನುಡಿಸುತ್ತೇನೆಂದು ಎಲ್ಲೂ ಮಾತು ಕೊಟ್ಟಿಲ್ಲ. ಅವನ ವ್ಯಾಪಾರ ಬೇರೆ. ಎರಡು ಕೈ, ಎರಡು ಮಾತು, ಕೆಲವೊಮ್ಮೆ ಮೂರು ನಾಲ್ಕು ಮಾತು, ಏಕಕಾಲದಲ್ಲಿ. ಒಂದೇ ಎಳೆಯನ್ನು ಹಿಡಿದು ಹೋಗುವ ಅಭ್ಯಾಸದ ನಮ್ಮ ಕಿವಿ ಬಲಗೈಯನ್ನಷ್ಟೇ ಕೇಳಿ, ಎಡಗೈಯನ್ನು ಮೃದಂಗವೆಂದು ಬಿಟ್ಟುಬಿಡುತ್ತದೆ. ಅಲ್ಲಿಯೇ ಸೋಲು. ಒಂದು ಸಲ ಎಡಗೈಯನ್ನು ಮಾತ್ರ ಹಿಂಬಾಲಿಸಿ ನೋಡಿ. ಅಲ್ಲಿ ಇನ್ನೊಬ್ಬ ಗಾಯಕ ಕೂತಿದ್ದಾನೆ.

ಇದು ಅರಮನೆಯ ಭೋಗ, ಪ್ರಜೆಗಳ ಹಣ ಎಂದರು, ನಮ್ಮ ನಡುವಿನ ಒಬ್ಬ ನಿವೃತ್ತ ಉಪನ್ಯಾಸಕರು. ಇದನ್ನು ನಗೆಯಲ್ಲಿ ತೇಲಿಸುವಂತಿಲ್ಲ. ಲಂಡನ್ನಿನಲ್ಲಿ ಮೆಟ್‌ನರ್ ಪಿಯಾನೋ ಮುಂದೆ ಕೂತ 1947ರಲ್ಲಿಯೇ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಿತು. ಜನ ಜೈಲಿಗೆ ಹೋದರು. ಎರಡೂ ಒಂದೇ ಸಂಸ್ಥಾನದ, ಒಂದೇ ವರ್ಷದ ಸಂಗತಿ. ಆ ಹಣ ಮೆಟ್‌ನರನಿಗೆ ಹೋಗಬೇಕಿತ್ತೇ, ಮಂಡ್ಯದ ನಾಲೆಗೆ ಹೋಗಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಅವರ ಬಾಯಿ ಮುಚ್ಚಿಸುವ ಹಕ್ಕು ನನಗಿಲ್ಲ. ನಾನು ಹೇಳುವುದು ಇಷ್ಟೇ: ಹಣ ಹೋಯಿತು, ಎಪ್ಪತ್ತೈದು ವರ್ಷಕ್ಕೂ ಹಿಂದೆ. ಪ್ರಜೆಗಳ ಹಣವೆಂದಾದರೆ ಸಂಗೀತವೂ ಪ್ರಜೆಗಳದ್ದೇ. ನಮ್ಮಜ್ಜಂದಿರು ಕಂದಾಯ ಕಟ್ಟಿ ಕೊಂಡ ಸಾಮಾನನ್ನು ಮೊಮ್ಮಕ್ಕಳು ಬಿಚ್ಚಿಯೂ ನೋಡದಿರುವುದು ಯಾವ ಸಮಾಜವಾದ? ಉಪನ್ಯಾಸಕರು ನಕ್ಕರು, ಒಪ್ಪಲಿಲ್ಲ. ಇರಲಿ.

ಮೂರನೆಯದು, ಎಲ್ಲರೂ ಒಂದೇ ದನಿಯಲ್ಲಿ ಹೇಳಿದ್ದು: ಇದು ಕಷ್ಟ. ಕೆಲಸ ಮಾಡಿ ದಣಿದು ಬಂದವರಿಗೆ ಸಂಗೀತ ವಿಶ್ರಾಂತಿ ಕೊಡಬೇಕು, ಪರೀಕ್ಷೆ ಕೊಡಬಾರದು.

ನನ್ನ ನಿಜವಾದ ವಿರೋಧಿ ಈ ವಾದ. ಏಕೆಂದರೆ ಇದು ಮೆಟ್‌ನರನನ್ನು ಮಾತ್ರ ಕೊಲ್ಲುವುದಿಲ್ಲ. ಇಂದು ‘ಪಿಯಾನೋ’ ಎಂದು ಮೊಬೈಲಿನಲ್ಲಿ ಒತ್ತಿದರೆ ಏನು ಬರುತ್ತದೆ? ನಿದ್ದೆಗೆ ಪಿಯಾನೋ, ಧ್ಯಾನಕ್ಕೆ ಪಿಯಾನೋ, ಮಳೆಯ ಸದ್ದಿನೊಡನೆ ಪಿಯಾನೋ, ಓದುವಾಗ ಹಿಂದೆ ಹಾಕಿಕೊಳ್ಳಲು ಪಿಯಾನೋ. ನಾಲ್ಕು ಸ್ವರಗಳನ್ನು ಸಕ್ಕರೆಯ ನೀರಿನಲ್ಲಿ ನೆನೆಸಿ ಗಂಟೆಗಟ್ಟಲೆ ಹಿಂಡುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ. ಅದು ಕೇಳದಿರಲೆಂದೇ ಮಾಡಿದ್ದು. ಈ ರೋಗ ನಮ್ಮ ಸಂಗೀತವನ್ನು ಬಿಟ್ಟಿದೆಯೆ? ರಾಯರೇ ಹೇಳಲಿ: ತನಿ ಆವರ್ತನ ಶುರುವಾಗುತ್ತಲೇ ಸಭೆಯ ಅರ್ಧ ಭಾಗ ಕ್ಯಾಂಟೀನಿನ ಕಡೆಗೆ ಏಳುವುದು ಯಾವ ಕಚೇರಿಯಲ್ಲಿ ಕಂಡಿಲ್ಲ? ರಾಗ ತಾನ ಪಲ್ಲವಿಯ ಹೊತ್ತಿಗೆ ಗಡಿಯಾರ ನೋಡಿ, ದೇವರನಾಮದ ಹೊತ್ತಿಗೆ ಮರಳಿ ಬಂದು, “ಅಬ್ಬ, ಈಗ ಕಚೇರಿ ಕಳೆಗಟ್ಟಿತು” ಎನ್ನುವವರು ಯಾರು? ತೋಡಿಯ ಆಲಾಪನೆ ಕಷ್ಟವಲ್ಲವೆ? ಅದನ್ನು ಮೊದಲ ದಿನವೇ ಯಾರು ಸವಿದರು? ಅಜ್ಜನ ಪಕ್ಕದಲ್ಲಿ ನಿದ್ದೆ ಮಾಡಿ, ಎದ್ದು, ಮತ್ತೆ ನಿದ್ದೆ ಮಾಡಿ, ಹತ್ತು ವರ್ಷಕ್ಕೆ ಕಿವಿ ತೆರೆದವರೇ ನಾವೆಲ್ಲ. ನಮ್ಮ ಸಂಗೀತಕ್ಕೆ ಹತ್ತು ವರ್ಷ ಕೊಟ್ಟವರು ಮೆಟ್‌ನರನಿಗೆ ಹತ್ತು ನಿಮಿಷದಲ್ಲಿ ತೀರ್ಪು ಹೇಳಿದರು. ನ್ಯಾಯಾಧೀಶರಾದರೂ ಇಷ್ಟು ಅವಸರ ಮಾಡುವುದಿಲ್ಲ.

ಕಷ್ಟದ ಸಂಗೀತ ಎಂದರೆ ಜಾಣರ ಸಂಗೀತ ಎಂದಲ್ಲ. ಅದು ಒಂದು ಸಲಕ್ಕೆ ಮುಗಿಯದ ಸಂಗೀತ. ಸುಲಭವಾದದ್ದು ಮೊದಲ ಸಲವೇ ಎಲ್ಲವನ್ನೂ ಕೊಟ್ಟುಬಿಡುತ್ತದೆ, ನಾಲ್ಕನೆಯ ಸಲಕ್ಕೆ ಕೈ ಖಾಲಿ. ಮೆಟ್‌ನರನದು ಮೊದಲ ಸಲ ಏನನ್ನೂ ಕೊಡದು. ನನಗೆ ‘ರಾತ್ರಿಗಾಳಿ’ ಆರನೆಯ ಸಲಕ್ಕೆ ಹಿಡಿಗೆ ಸಿಕ್ಕಿತು. ಅದಕ್ಕೆ ಮುಂಚೆ ಐದು ಸಲ ನಾನೂ ರಿಪೇರಿಯನ್ನೇ ಕೇಳಿದೆ.

ನಾಲ್ಕನೆಯ ಆಕ್ಷೇಪ ನಮ್ಮ ಮನೆಯವಳದು. ಅಡುಗೆಮನೆಯಿಂದಲೇ ಕೇಳಿದ್ದಳು. “ಯಾಕ್ರೀ ಸಂಜೆ ಹೊತ್ತು, ದೀಪ ಹಚ್ಚೋ ಹೊತ್ತಿಗೆ, ಇಷ್ಟು ಭಾರ?” ಎಂದಳು. ಸಂಗೀತಶಾಸ್ತ್ರದ ಒಂದು ಮಾತನ್ನೂ ಅರಿಯದೆ ಆಡಿದ ಈ ಮಾತು ಆ ಸಂಜೆಯ ಅತ್ಯುತ್ತಮ ವಿಮರ್ಶೆ. ಹೌದು, ಭಾರ. ಮೆಟ್‌ನರ್ ಮೋಡ ಕವಿದ ಮನಸ್ಸಿನವನು. ಆದರೆ ಭಾರವನ್ನು ಮನೆಯೊಳಗೆ ಬಿಡಬಾರದೆಂದು ನಮಗೆ ಯಾರು ಕಲಿಸಿದರು? ನಮ್ಮ ಹೆಂಗಸರು ಗೋವಿನ ಹಾಡನ್ನು ಮಕ್ಕಳಿಗೆ ಹೇಳಿ ಅಳಿಸಿ ಮಲಗಿಸಿದರು. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುವುದನ್ನು ಸಾವಿರ ವರ್ಷದಿಂದ ಓದುತ್ತಿದ್ದೇವೆ, ಪಠ್ಯಪುಸ್ತಕದಲ್ಲಿ ಇಟ್ಟಿದ್ದೇವೆ. ಮುಖಾರಿಯನ್ನು ಯಾವ ಸಭೆಯೂ ಹೊರಗಟ್ಟಿಲ್ಲ. ಕರುಣವನ್ನು ರಸವೆಂದು ಒಪ್ಪಿದ ನಾಡು, ರಷ್ಯನ್ನನ ಕರುಣವನ್ನು ಮಾತ್ರ ‘ಡಿಪ್ರೆಸಿಂಗ್’ ಎಂದು ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ದೀಪ ಹಚ್ಚುವ ಹೊತ್ತು ಎಂಬುದನ್ನು ಮಾತ್ರ ಒಪ್ಪಿದೆ. ಈಗ ರಾತ್ರಿ ಊಟವಾದ ಮೇಲೆ ಹಾಕುತ್ತೇನೆ, ಉತ್ತರಹಳ್ಳಿ ರಸ್ತೆಯ ಗದ್ದಲ ಕೊಂಚ ಇಳಿದ ಮೇಲೆ.

ಖಂಡನೆ ಸಾಕಾಯಿತು. ಕೇಳಬೇಕೆಂದವರಿಗೆ ಎಲ್ಲಿಂದ ಶುರು ಎಂಬ ಪ್ರಶ್ನೆ ಉಂಟು. ನನ್ನ ತಪ್ಪುಗಳಿಂದ ಕಲಿತದ್ದನ್ನು ಹೇಳುತ್ತೇನೆ. ‘ರಾತ್ರಿಗಾಳಿ’ಯಿಂದ ಶುರುಮಾಡಬೇಡಿ, ಅದು ನಾನು ಮಿತ್ರರಿಗೆ ಮಾಡಿದ ಅನ್ಯಾಯ. ಮಹಾರಾಜರಿಗೆ ಅರ್ಪಿಸಿದ್ದೆಂಬ ಅಭಿಮಾನಕ್ಕೆ ಮೂರನೆಯ ಕಂಚರ್ಟೋದಿಂದಲೂ ಬೇಡ. ಅದರಲ್ಲಿ ಸೊಗಸಾದ ಗಳಿಗೆಗಳಿವೆ, ಆದರೆ ಒಟ್ಟಿನಲ್ಲಿ ಅದು, ಹೊರಡುತ್ತೇನೆಂದು ಎದ್ದು ಬಾಗಿಲ ಬಳಿ ನಿಂತು ಇನ್ನೂ ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ. ಈ ಚಾಳಿ ಮೆಟ್‌ನರನಿಗಿತ್ತು. ಅಭಿಮಾನಿಗಳು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ.

ಮೊದಲು ‘ಸ್ಕಾಜ್ಕಿ’ಗಳನ್ನು ಕೇಳಿ. ಇಂಗ್ಲಿಷಿನವರು ಅವನ್ನು ಯಕ್ಷಿಣಿಯರ ಕಥೆಗಳೆಂದು ಕರೆದು ಹಾಳುಮಾಡಿದರು. ಅವುಗಳಿಗೆ ಕನ್ನಡದಲ್ಲಿ ಸರಿಯಾದ ಹೆಸರಿದೆ: ಅಜ್ಜಿಕಥೆ. ಮೂವತ್ತೆಂಟು ಇವೆ, ಕೆಲವು ಎರಡು ಮೂರು ನಿಮಿಷದವು. ಒಂದು ಗುಚ್ಛವನ್ನು ಅವನು ಸಿಂಡರೆಲಾಗೂ ದಡ್ಡ ಇವಾನನಿಗೂ ಅರ್ಪಿಸಿದ್ದಾನೆ. ಮಹಾರಾಜರ ಪಕ್ಕದಲ್ಲಿ ಒಳ್ಳೆಯ ಸಂಗಡಿಗರು. 26ನೆಯ ಕೃತಿಸಂಖ್ಯೆಯ ಮೂರನೆಯದು, ಎಫ್ ಮೈನರಿನದು, ಚಿಕ್ಕದು, ಮೆಲುದನಿಯದು. ಮಧ್ಯಾಹ್ನ ನಿದ್ದೆ ಬಾರದೆ ಅಂಗಳ ನೋಡುತ್ತ ಕೂತ ಮುದುಕಿ ತನ್ನಷ್ಟಕ್ಕೆ ಏನೋ ಹೇಳಿಕೊಂಡಂತೆ ಇದೆ. ಅದನ್ನು ಕೇಳಿಯೂ ಏನೂ ಅನ್ನಿಸದಿದ್ದರೆ ಮೆಟ್‌ನರನನ್ನು ಬಿಟ್ಟುಬಿಡಿ, ನನ್ನ ಆಕ್ಷೇಪಣೆಯಿಲ್ಲ.

ಅನ್ನಿಸಿದರೆ ಮುಂದೆ ‘ಸೊನಾಟ ರೆಮಿನಿಸೆಂಜ’, ಎಂದರೆ ನೆನಪಿನ ಸೊನಾಟ. ಹದಿನೈದು ನಿಮಿಷದ ಆಸುಪಾಸು. ಕ್ರಾಂತಿಯ ಬಳಿಕ, ರಷ್ಯವನ್ನು ಬಿಡುವ ಮುಂಚಿನ ಬಡತನದ ವರ್ಷಗಳಲ್ಲಿ, ಹಳೆಯ ನೋಟ್‌ಬುಕ್ಕುಗಳಲ್ಲಿ ತಾನು ಗೀಚಿಟ್ಟು ಮರೆತಿದ್ದ ಸ್ವರತುಣುಕುಗಳನ್ನು ಹೊರತೆಗೆದು ಅವನು ‘ಮರೆತ ರಾಗಗಳು’ ಎಂಬ ಮಾಲೆಗಳನ್ನು ಕಟ್ಟಿದ. ಈ ಸೊನಾಟ ಮೊದಲ ಮಾಲೆಯ ಮೊದಲ ಕೃತಿ. ಶುರುವಿನಲ್ಲಿ ತೊಟ್ಟಿಲು ತೂಗಿದಂತೆ ಒಂದು ಸ್ವರಸಾಲು ಬರುತ್ತದೆ. ಅದರಲ್ಲಿ ವಿಶೇಷವೇನೂ ಇಲ್ಲ ಎಂದುಕೊಳ್ಳುತ್ತೀರಿ. ಅನಂತರ ಕಥೆ ಎಲ್ಲೆಲ್ಲಿಗೋ ಹೋಗುತ್ತದೆ, ಮಾತು ಜೋರಾಗುತ್ತದೆ. ನಡುವೆ ಆ ಸಾಲು ಮತ್ತೆ ಬರುತ್ತದೆ, ಪಲ್ಲವಿಗೆ ಮರಳಿದಂತೆ. ಕೊನೆಯಲ್ಲಿ ಇನ್ನೊಮ್ಮೆ. ಸ್ವರಗಳು ಅವೇ. ಆದರೆ ಕೇಳುವ ನೀವು ಅವರಲ್ಲ. ಎಮಿಲ್ ಗಿಲೆಲ್ಸ್ ನುಡಿಸಿದ್ದು ಸಿಕ್ಕಿದರೆ ಅದನ್ನು ಕೇಳಿ; ಅವಸರವೆಂಬುದು ಇಲ್ಲ. ಹದಿನಾಲ್ಕು ಸೊನಾಟಗಳನ್ನೂ ಕೆನಡಾದ ಮಾರ್ಕ್-ಆಂದ್ರೆ ಅಮ್ಲಾಂ ನುಡಿಸಿ ಮುದ್ರಿಸಿದ್ದಾರೆ. ಬೆರಳುಗಳ ಸ್ಪಷ್ಟತೆಗೆ ಅವರು; ನನ್ನ ಮಟ್ಟಿಗೆ, ಕಂಬನಿಗೆ ಗಿಲೆಲ್ಸ್.

ಆಮೇಲೆ, ಒಂದು ತಿಂಗಳು ಕಳೆದು, ‘ರಾತ್ರಿಗಾಳಿ’. 1911ರ ಸುಮಾರಿಗೆ ಮುಗಿದದ್ದು, ರಾಖ್ಮನಿನೋಫ್‌ಗೆ ಅರ್ಪಿಸಿದ್ದು. ರಾತ್ರಿಯ ಗಾಳಿಯ ಊಳಿನಲ್ಲಿ ಸೃಷ್ಟಿಗೆ ಮುಂಚಿನ ಅವ್ಯವಸ್ಥೆಯ ಕರೆ ಕೇಳುವ ತ್ಯೂತ್ಚೆವ್ ಕವಿಯ ಒಂದು ಪದ್ಯವನ್ನು ಅದರ ನೆತ್ತಿಯ ಮೇಲೆ ಬರೆದಿದ್ದಾನೆ. ನಿಲ್ಲದೆ ಒಂದೇ ಉಸಿರು. ಮೊದಲ ಭಾಗದ ಲೆಕ್ಕ ಹದಿನೈದು, ಪುಟಗಟ್ಟಲೆ ಹದಿನೈದೇ. ಪಾಶ್ಚಾತ್ಯರು ಮೂರು ನಾಲ್ಕರಲ್ಲಿ ಸುಖವಾಗಿರುವವರು. ಅವರ ವಿಮರ್ಶಕರಿಗೆ ಇದು ತಲೆತಿರುಗಿಸಿದೆ. ಖಂಡದ ಐದನ್ನು ತ್ರಿಶ್ರದ ಮೂರರಲ್ಲಿ ಗುಣಿಸಿ ಕೈಬೆರಳಲ್ಲಿ ಎಣಿಸಿದವರ ಮೊಮ್ಮಕ್ಕಳಾದ ನಮಗೆ ಅದು ತಲೆ ತಿರುಗಿಸಬೇಕಾದದ್ದಿಲ್ಲ. ನಿಜ ಹೇಳಬೇಕೆಂದರೆ, ಈ ಕೃತಿಯನ್ನು ಕೇಳಲು ಲಂಡನ್ನಿನವರಿಗಿಂತ ಬಸವನಗುಡಿಯವರಿಗೆ ಹೆಚ್ಚು ಅರ್ಹತೆ ಇದೆ. ಆ ಅರ್ಹತೆಯನ್ನು ಮೈಸೂರಿನಲ್ಲಿ ಒಬ್ಬರು ಆಗಲೇ ತೋರಿಸಿದ್ದರು. ಮೆಟ್‌ನರನನ್ನು ಕೇಳಿದ ಆ ಕಿವಿಯೇ ವಾಸುದೇವಾಚಾರ್ಯರ ಬಳಿ ಕರ್ನಾಟಕ ಸಂಗೀತವನ್ನು ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿತು. ಒಂದನ್ನು ಕೇಳಿದರೆ ಇನ್ನೊಂದು ಕೆಡುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನ ಬಳಿ ಇಲ್ಲ.

ಒಂದು ಮಾತು ಮಕ್ಕಳ ತಂದೆತಾಯಿಗಳಿಗೆ. ನಮ್ಮ ಕಡೆ ಈಗ ಅಡ್ಡರಸ್ತೆಗೊಂದು ಕೀಬೋರ್ಡ್ ತರಗತಿ ಇದೆ. ಸಂಜೆ ಐದಕ್ಕೆ ಪದ್ಮನಾಭನಗರದಲ್ಲಿ ನಡೆದರೆ ಒಂದೊಂದು ಕಿಟಕಿಯಿಂದ ಒಂದೊಂದು ಅಭ್ಯಾಸಪಾಠ ಕೇಳುತ್ತದೆ. ಮಕ್ಕಳು ಲಂಡನ್ನಿನ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ, ಸರ್ಟಿಫಿಕೇಟು ಬರುತ್ತದೆ, ಅದಕ್ಕೆ ಚೌಕಟ್ಟು ಹಾಕಿಸುತ್ತಾರೆ. ಪರೀಕ್ಷೆಯನ್ನು ನಾನು ದೂರುತ್ತಿಲ್ಲ. ಮಹಾರಾಜರೂ ಅಂಥ ಪರೀಕ್ಷೆಗೆ ಕೂತವರೇ. ಆದರೆ ನಮ್ಮ ಎದುರುಮನೆಯ ಹುಡುಗಿಯನ್ನು “ಏನಮ್ಮಾ, ಪಿಯಾನೋ ಯಾರದ್ದು ಕೇಳ್ತೀಯಾ?” ಎಂದರೆ, “ಕೇಳೋದಾ ಅಂಕಲ್? ನಾನು ನುಡಿಸ್ತೀನಷ್ಟೆ” ಎಂದಳು. ಪರೀಕ್ಷೆಯ ತುಣುಕುಗಳನ್ನು ವರ್ಷವಿಡೀ ಬಡಿಯುವ ಆ ಮಗುವಿಗೆ ನಾಲ್ಕನೆಯದೊಂದನ್ನು ಕೇಳಿಸಿದವರಿಲ್ಲ. ತೋಡಿ ಕೇಳದೆ ಮಾಯಾಮಾಳವಗೌಳದ ಸರಳೆಯಲ್ಲೇ ಎಂಟು ವರ್ಷ ಕಳೆದಂತೆ. ಅವಳಿಗೆ ಆ ಎಫ್ ಮೈನರಿನ ಅಜ್ಜಿಕಥೆಯನ್ನು ಕಳಿಸಿದ್ದೇನೆ. ಒಂದು ವಾರವಾಯಿತು, ಹೆಬ್ಬೆರಳಿನ ಚಿತ್ರವೊಂದು ಬಂದಿದೆ. ಕೇಳಿದಳೋ, ನಾನು ಆ ಕ್ಯಾಸೆಟ್ಟಿಗೆ ಮಾಡಿದ್ದನ್ನೇ ಮಾಡಿದಳೋ, ತಿಳಿಯದು.

ಕೂಟದಲ್ಲಿ ಆ ಸಂಜೆ ಒಂದು ಠರಾವೂ ಆಯಿತು. ಠರಾವು ಎಂದರೆ ಕಾಫಿಯ ಲೋಟ ಇಡುತ್ತ ಆಡಿದ ಮಾತು. ಇನ್ನು ಮುಂದೆ ‘ಹೆವಿ ಐಟಂ’ ಬೇಡ, ಹಾಕಿದರೂ ಹತ್ತು ನಿಮಿಷ ಮೀರಬಾರದು ಎಂದು. ನಾನು ಒಬ್ಬನೇ ವಿರೋಧಿಸಿದೆ. ಹತ್ತು ನಿಮಿಷದ ಗಡಿ ಹಾಕಿದರೆ ಮೊದಲು ಹೋಗುವುದು ಮೆಟ್‌ನರನಲ್ಲ, ಮನ್ಸೂರರು ಎಂದೆ. ಯಾರೂ ಉತ್ತರ ಕೊಡಲಿಲ್ಲ, ಯಾರೂ ಒಪ್ಪಲೂ ಇಲ್ಲ.

ಬುಧವಾರ ರಾತ್ರಿ ಒಂಬತ್ತೂವರೆಗೆ ರಾಯರ ಫೋನು ಬಂತು. ಕುಶಲ ವಿಚಾರಿಸಿ, ಮೊಣಕಾಲಿನ ನೋವಿನ ವಿಷಯ ಹೇಳಿ, ಸ್ವಲ್ಪ ತಡೆದು, “ಅಲ್ಲ ಸಾರ್, ಮೊನ್ನೆ ನೀವು ಹಾಕಿದ್ದು... ಅದು ಹದಿನೈದಾ?” ಎಂದರು.

“ಹೌದು ರಾಯರೇ, ಹದಿನೈದು. ನಿಮಗೆ ಹೇಗೆ ಗೊತ್ತಾಯಿತು?”

“ತೊಡೆ ಮೇಲೆ ಹಾಕ್ತಾನೇ ಇದ್ದೆ. ಆದಿಗೂ ಕೂರಲಿಲ್ಲ, ರೂಪಕಕ್ಕೂ ಕೂರಲಿಲ್ಲ. ಮೂರು ದಿನದಿಂದ ತಲೆ ಕೊರೀತಿದೆ. ರಿಪೇರಿಯೋನು ಅಂತ ನಾನೇ ಅಂದೆ, ಆದರೆ ರಿಪೇರಿಯೋನು ತಾಳ ತಪ್ಪದೆ ಇಷ್ಟು ಹೊತ್ತು ಹೊಡೆಯೋದಿಲ್ಲ ನೋಡಿ.”

ಇನ್ನೊಮ್ಮೆ ಕೇಳುತ್ತೀರಾ ಎಂದೆ. ಪೂರ್ತಿ ಬೇಡ, ಆ ಹದಿನೈದಿನ ಭಾಗ ಮಾತ್ರ ಸಾಕು ಎಂದರು. ಬರುವ ಎರಡನೆಯ ಭಾನುವಾರ, ಕೂಟಕ್ಕೆ ಒಂದು ಗಂಟೆ ಮುಂಚೆ, ನಾಲ್ಕೂವರೆಗೆ ಬರುತ್ತಾರೆ. ಹತ್ತಿರದಲ್ಲಿರುವ ವಾಚಕರಲ್ಲಿ ಇನ್ನು ಯಾರಾದರೂ ಬರುವುದಾದರೆ ಮಹಡಿಯಲ್ಲಿ ಜಾಗವಿದೆ. ಕಾಫಿ ಮುಗಿದ ಮೇಲೆ.